ಡಾಕ್ಟರಾಗುವವಳಿಗೆ ಡೆನ್ಮಾರ್ಕ್ ಯಾಕೆ?

ಪ್ರಶ್ನೆ: ನಮ್ಮ ಮೂಲ ಹಾಸನ, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಇಲ್ಲಿಯೇ ಹುಟ್ಟಿದವಳು. ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ಜೀವಶಾಸ್ತ್ರ ತೆಗೆದುಕೊಂಡು ಎರಡನೇ ವರ್ಷದಲ್ಲಿ ಓದುತ್ತಿದ್ದಾಳೆ, ಮೆಡಿಕಲ್ ಸ್ಕೂಲಿಗೆ ಹೋಗುವ ಆಸೆ. ಮೂರನೇ ವರ್ಷದ ಎರಡನೇ ಸೆಮಿಸ್ಟರ್ ಅನ್ನು ಕೋಪನ್‌ಹೇಗನ್‌ನಲ್ಲಿ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ‘ಡಾಕ್ಟರಾಗುವವಳಿಗೆ ಡೆನ್ಮಾರ್ಕ್ ಯಾಕೆ?’ ಎನ್ನುತ್ತಾರೆ ಯಜಮಾನರು. ಅದರ ಬದಲು ಬೇಸಿಗೆಯಲ್ಲಿ ಊರಿಗೆ ಹೋಗಿ ಸೋದರಮಾವನ ನರ್ಸಿಂಗ್ ಹೋಮಿನಲ್ಲಿ ಎರಡು ತಿಂಗಳು ಕೈಕೆಲಸ ಕಲಿತರೆ ಅರ್ಜಿಗೆ ತೂಕ ಬರುತ್ತದೆ ಎಂಬುದು ಅವರ ವಾದ. ಹೊರದೇಶದ ಗ್ರೇಡುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ? ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ ಎಂಕ್ಯಾಟ್ ಗತಿಯೇನು? ಅವಳು ಒಂದು ವರ್ಷ ಹಿಂದೆ ಬೀಳುತ್ತಾಳೆಯೇ? ಸಸ್ಯಾಹಾರಿ ಬೇರೆ, ಊಟದ್ದೂ ಚಿಂತೆ.

ಉತ್ತರ: ನಿಮ್ಮ ಯಜಮಾನರ ಪ್ರಶ್ನೆ ನನಗೆ ಹೊಸದಲ್ಲ. ಅಮೆರಿಕದ ಮಧ್ಯಪಶ್ಚಿಮದ ವಿಶ್ವವಿದ್ಯಾಲಯವೊಂದರಲ್ಲಿ, ಮೆಡಿಕಲ್ ಸ್ಕೂಲಿಗೆ ಹೋಗಬಯಸುವ ಹುಡುಗ ಹುಡುಗಿಯರಿಗೆ ಸಲಹೆ ಕೊಡುವ ಕೆಲಸದಲ್ಲಿ ನಾನು ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಎಲೆ ಉದುರುವ ಕಾಲ ಬಂತೆಂದರೆ ಈ ಪ್ರಶ್ನೆ ನನ್ನ ಕೊಠಡಿಯ ಬಾಗಿಲು ತಟ್ಟುತ್ತದೆ. ಡೆನ್ಮಾರ್ಕ್ ಇದ್ದ ಕಡೆ ಸ್ಪೇನ್, ಚಿಲಿ, ಘಾನಾ ಎಂದು ಹೆಸರು ಬದಲಾಗುತ್ತದೆ, ಅಷ್ಟೆ. ನನ್ನ ಉತ್ತರ ಬದಲಾಗಿಲ್ಲ. ಹೋಗಲಿ. ಆದರೆ ವಿಜ್ಞಾನದ ಪಾಠಗಳನ್ನು ಇಲ್ಲೇ ಬಿಟ್ಟು ಹೋಗಲಿ. ಎಂಕ್ಯಾಟ್ ಪುಸ್ತಕವನ್ನಂತೂ ಪೆಟ್ಟಿಗೆಗೆ ಹಾಕುವುದೇ ಬೇಡ. ಸೋದರಮಾವನ ನರ್ಸಿಂಗ್ ಹೋಮಿನ ವಿಚಾರದಲ್ಲಿ ನನಗೆ ನಿಮ್ಮ ಮಗಳಿಗಿಂತ ಹೆಚ್ಚು ಹಟವಿದೆ. ಅದನ್ನು ಮುಂದೆ ಹೇಳುತ್ತೇನೆ.

ಕರ್ನಾಟಕದಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ‘ವಿದೇಶದಲ್ಲಿ ಮೆಡಿಕಲ್’ ಎಂದರೆ ರಷ್ಯಾ, ಜಾರ್ಜಿಯಾ, ಫಿಲಿಪೈನ್ಸ್‌ಗಳಿಗೆ ಎಂಬಿಬಿಎಸ್‌ಗೆ ಸಮನಾದ ಪದವಿ ಓದಲು ಹೋಗುವುದು. ಇಲ್ಲಿರುವುದು ಆ ಮಾತಲ್ಲ. ಅಮೆರಿಕದಲ್ಲಿ ಪಿಯುಸಿ ಮುಗಿಸಿದ ಕೂಡಲೇ ವೈದ್ಯಕೀಯ ಸೇರುವ ಪದ್ಧತಿ ಇಲ್ಲ; ಮೊದಲು ನಾಲ್ಕು ವರ್ಷದ ಯಾವುದಾದರೂ ಪದವಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್. ‘ಪ್ರೀ-ಮೆಡ್’ ಎನ್ನುವುದು ಪದವಿಯ ಹೆಸರೂ ಅಲ್ಲ, ವಿಷಯದ ಹೆಸರೂ ಅಲ್ಲ. ಸಂಗೀತ ಓದುವವನೂ ಪ್ರೀ-ಮೆಡ್ ಆಗಿರಬಹುದು, ಮೆಡಿಕಲ್ ಸ್ಕೂಲುಗಳು ಕೇಳುವ ಪಾಠಗಳನ್ನು ಮುಗಿಸಿದ್ದರಾಯಿತು. ಆ ನಾಲ್ಕು ವರ್ಷಗಳ ನಡುವೆ ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಓದಿ ಬರುವುದು ಇಲ್ಲಿ ಸಾಮಾನ್ಯ. ಕೋವಿಡ್‌ಗೆ ಮುಂಚೆ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೀಗೆ ಹೋಗಿಬರುತ್ತಿದ್ದರು, ಅವರಲ್ಲಿ ವಿಜ್ಞಾನ, ತಂತ್ರಜ್ಞಾನ ಓದುವವರೇ ಕಾಲು ಭಾಗದಷ್ಟಿದ್ದರು. ಹಾಗಾಗಿ ನಿಮ್ಮ ಮಗಳೇನೂ ಕಂಡುಕೇಳರಿಯದ್ದನ್ನು ಕೇಳುತ್ತಿಲ್ಲ.

ಈಗ ಪಾಠಗಳ ವಿಚಾರ. ಮೆಡಿಕಲ್ ಸ್ಕೂಲುಗಳು ಸಾಮಾನ್ಯವಾಗಿ ಕೇಳುವುದು ಪ್ರಯೋಗಾಲಯ ಸಹಿತ ಒಂದೊಂದು ವರ್ಷದ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ. ಮೇಲೆ ಜೀವರಸಾಯನಶಾಸ್ತ್ರ, ಇಂಗ್ಲಿಷ್ ಬರವಣಿಗೆ, ಸಂಖ್ಯಾಶಾಸ್ತ್ರ. ಎಂಕ್ಯಾಟ್‌ಗಾಗಿ ಮನಶ್ಶಾಸ್ತ್ರ, ಸಮಾಜಶಾಸ್ತ್ರವೂ ಬೇಕು. ಹೊರದೇಶದಲ್ಲಿ ಮಾಡಿದ ವಿಜ್ಞಾನ ಪಾಠಗಳನ್ನು ಅನೇಕ ಮೆಡಿಕಲ್ ಸ್ಕೂಲುಗಳು ಈ ಪಟ್ಟಿಗೆ ಒಪ್ಪುವುದಿಲ್ಲ. ಒಪ್ಪುವ ಶಾಲೆಗಳಿವೆ, ನಿಜ. ಆದರೆ ನಿಮ್ಮ ಮಗಳು ಹದಿನೈದು ಇಪ್ಪತ್ತು ಶಾಲೆಗಳಿಗೆ ಅರ್ಜಿ ಹಾಕುವವಳು. ಅವುಗಳಲ್ಲಿ ಯಾವುದು ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂದು ಎರಡು ವರ್ಷ ಮೊದಲೇ ಊಹಿಸುವ ಉಸಾಬರಿ ಯಾಕೆ? ಅಲ್ಲಿ ಅವಳು ತೆಗೆದುಕೊಳ್ಳಬೇಕಾದದ್ದು ಇತಿಹಾಸ, ಸಾರ್ವಜನಿಕ ಆರೋಗ್ಯ, ನೀತಿಶಾಸ್ತ್ರ, ಭಾಷೆ. ಜೀವಶಾಸ್ತ್ರದ ಮೇಲ್ದರ್ಜೆಯ ಒಂದು ಐಚ್ಛಿಕ ಪಾಠ ತೆಗೆದುಕೊಂಡರೂ ಅಡ್ಡಿಯಿಲ್ಲ, ಅದು ಕಡ್ಡಾಯ ಪಟ್ಟಿಯದಲ್ಲವಲ್ಲ.

ನಿಜವಾದ ಗಂಟು ಇರುವುದು ಜೋಡಿ ಪಾಠಗಳಲ್ಲಿ. ಸಾವಯವ ರಸಾಯನಶಾಸ್ತ್ರ ಶರತ್ಕಾಲದ ಮೊದಲ ಸೆಮಿಸ್ಟರಿನಲ್ಲಿ ಒಂದನೇ ಭಾಗ, ವಸಂತದ ಎರಡನೇ ಸೆಮಿಸ್ಟರಿನಲ್ಲಿ ಎರಡನೇ ಭಾಗ ಎಂದು ಬರುತ್ತದೆ. ಭೌತಶಾಸ್ತ್ರವೂ ಹಾಗೆಯೇ. ಮೊದಲರ್ಧ ಮುಗಿಸಿ ಎರಡನೆಯದನ್ನು ಬಿಟ್ಟು ಹೋದರೆ, ಅದು ಮತ್ತೆ ಸಿಗುವುದು ಒಂದು ವರ್ಷದ ನಂತರ. ಅಷ್ಟರಲ್ಲಿ ಮೊದಲರ್ಧ ಮರೆತಿರುತ್ತದೆ. ದೊಡ್ಡ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಎರಡೂ ಭಾಗಗಳನ್ನು ಎರಡೂ ಸೆಮಿಸ್ಟರಿನಲ್ಲಿ ಹೇಳಿಕೊಡುವುದುಂಟು. ನಿಮ್ಮ ಮಗಳದು ಅಂಥದ್ದೇ ಎಂದು ವೇಳಾಪಟ್ಟಿ ನೋಡಿ ಖಚಿತಪಡಿಸಿಕೊಳ್ಳಲಿ. ಅವಳು ಈಗ ಎರಡನೇ ವರ್ಷದಲ್ಲಿರುವುದರಿಂದ ಸಾವಯವ ರಸಾಯನಶಾಸ್ತ್ರ ಈ ವರ್ಷವೇ ಮುಗಿಯಬಹುದು. ಉಳಿಯುವುದು ಭೌತಶಾಸ್ತ್ರ. ಅದನ್ನು ಬರುವ ಬೇಸಿಗೆಯಲ್ಲಿ ತನ್ನದೇ ವಿಶ್ವವಿದ್ಯಾಲಯದಲ್ಲಿ ಮುಗಿಸುವುದು ಒಂದು ದಾರಿ, ನಾಲ್ಕನೇ ವರ್ಷಕ್ಕೆ ಪೂರ್ತಿ ಇಟ್ಟುಕೊಳ್ಳುವುದು ಇನ್ನೊಂದು. ಅರ್ಧ ಇಲ್ಲಿ ಅರ್ಧ ಅಲ್ಲಿ ಮಾತ್ರ ಬೇಡ.

ಗ್ರೇಡುಗಳ ಬಗ್ಗೆ ಕೇಳಿದ್ದೀರಿ. ಇಲ್ಲಿ ಜನ ಮಾಡಿಕೊಳ್ಳುವಷ್ಟು ಗೊಂದಲ ಬೇರೆಲ್ಲೂ ಇಲ್ಲ. ಬಹುಪಾಲು ಮೆಡಿಕಲ್ ಸ್ಕೂಲುಗಳ ಅರ್ಜಿಗಳು ಆಮ್‌ಕಾಸ್ ಎಂಬ ಒಂದೇ ಕೇಂದ್ರದ ಮೂಲಕ ಹೋಗುತ್ತವೆ, ಜಿಪಿಎ, ಅಂದರೆ ನಾಲ್ಕಕ್ಕೆ ಇಷ್ಟು ಎಂಬ ಗ್ರೇಡುಗಳ ಸರಾಸರಿ, ಲೆಕ್ಕ ಹಾಕುವುದೂ ಅವರೇ. ನಿಮ್ಮ ಮಗಳು ತನ್ನ ವಿಶ್ವವಿದ್ಯಾಲಯವೇ ನಡೆಸುವ ಕಾರ್ಯಕ್ರಮದಲ್ಲಿ ಹೋಗಿ, ಆ ಗ್ರೇಡುಗಳು ಇಲ್ಲಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಅಂಕಪಟ್ಟಿಯಲ್ಲಿ) ‘ಎ’, ‘ಬಿ’ ಎಂದೇ ಮೂಡಿದರೆ, ಅವು ಮಿಕ್ಕ ಗ್ರೇಡುಗಳಂತೆಯೇ ಲೆಕ್ಕಕ್ಕೆ ಸೇರುತ್ತವೆ. ಬೇರೊಂದು ಅಮೆರಿಕನ್ ವಿಶ್ವವಿದ್ಯಾಲಯದ ಹೆಸರಿನಲ್ಲಿ ಟ್ರಾನ್ಸ್‌ಕ್ರಿಪ್ಟ್ ಬರುವುದಾದರೆ ಅದನ್ನೂ ಆಮ್‌ಕಾಸ್‌ಗೆ ತರಿಸಬೇಕು. ಇದನ್ನು ಮರೆತು ಅರ್ಜಿ ವಾರಗಟ್ಟಲೆ ನಿಂತುಹೋದವರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಮೂರನೆಯದು, ನೇರವಾಗಿ ಹೊರದೇಶದ ವಿಶ್ವವಿದ್ಯಾಲಯಕ್ಕೆ ಸೇರಿ ಓದುವುದು. ಆಗ ಸಾಮಾನ್ಯವಾಗಿ ಇಲ್ಲಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕ್ರೆಡಿಟ್ ಮಾತ್ರ ಕಾಣುತ್ತದೆ, ಗ್ರೇಡ್ ಇರುವುದಿಲ್ಲ, ಜಿಪಿಎ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಮೂರನೆಯ ದಾರಿ ಹಿಡಿದವರಿಗೆ ಆಯಾ ದೇಶದ ಅಂಕ ಪದ್ಧತಿಯೇ ಎದೆಗುದಿ. ಇಂಗ್ಲೆಂಡಿನಿಂದ ಹುಡುಗನೊಬ್ಬ ನನಗೆ ನಡುರಾತ್ರಿ ಇಮೇಲ್ ಬರೆದಿದ್ದ: ‘ನನಗೆ 68 ಬಂದಿದೆ, ನನ್ನ ಕಥೆ ಮುಗಿಯಿತು.’ ಅಲ್ಲಿ 70 ದಾಟಿದರೆ ಪ್ರಥಮ ದರ್ಜೆ, 68 ಎಂದರೆ ಮರ್ಯಾದಸ್ಥ ಅಂಕ. ಅರವತ್ತಕ್ಕೆ ಫಸ್ಟ್ ಕ್ಲಾಸ್ ಎಂದು ಬೀದಿಗೆಲ್ಲ ಪೇಡ ಹಂಚಿದ ನಮ್ಮ ತಲೆಮಾರಿಗೆ ಇದು ತಕ್ಷಣ ಅರ್ಥವಾಗುತ್ತದೆ, ಅಮೆರಿಕದಲ್ಲಿ ಬೆಳೆದ ಮಕ್ಕಳಿಗೆ ಆಗುವುದಿಲ್ಲ. ಡೆನ್ಮಾರ್ಕಿನ ವಿಶ್ವವಿದ್ಯಾಲಯಗಳದಂತೂ ಇನ್ನೂ ಸೊಗಸು: ಅಲ್ಲಿ ಇರುವುದು ಏಳೇ ಅಂಕ, 12, 10, 7, 4, 2, 0, ಕೊನೆಗೆ ಮೈನಸ್ 3. ಹನ್ನೆರಡು ಬಂದರೆ ಅದಕ್ಕಿಂತ ಮೇಲಿಲ್ಲ. ಅಮೆರಿಕದ ವಿದ್ಯಾರ್ಥಿಗಳಿಗೆಂದೇ ಇರುವ ಕಾರ್ಯಕ್ರಮಗಳಲ್ಲಿ ಈ ತೊಂದರೆ ಇಲ್ಲ. ಕೋಪನ್‌ಹೇಗನ್‌ನಲ್ಲಿ ಡಿಐಎಸ್ ಎಂಬ ಸಂಸ್ಥೆ 1959ರಿಂದ ಇಂಥ ಕಾರ್ಯಕ್ರಮ ನಡೆಸುತ್ತಿದೆ; ಪಾಠ ಇಂಗ್ಲಿಷ್‌ನಲ್ಲಿ, ಗ್ರೇಡ್ ಅಮೆರಿಕನ್ ಅಕ್ಷರಗಳಲ್ಲಿ. ವೈದ್ಯಕೀಯ ಪದ್ಧತಿ ಮತ್ತು ಆರೋಗ್ಯ ನೀತಿಯ ಬಗ್ಗೆ ಅಲ್ಲಿನ ವೈದ್ಯರೇ ಪಾಠ ಹೇಳುವ ಒಂದು ವಿಭಾಗವೂ ಅಲ್ಲಿದೆ. ನಿಮ್ಮ ಮಗಳ ಕಣ್ಣು ಬಿದ್ದಿರುವುದು ಬಹುಶಃ ಅದರ ಮೇಲೆಯೇ.

ಪಾಠ ಹಗುರ ಎಂದು ಕಂಡು ಅಲ್ಲಿ ಗ್ರೇಡ್ ಜಾರಿಸಿಕೊಂಡವರಿದ್ದಾರೆ. ಶುಕ್ರವಾರ ಬಂದರೆ ವಿಮಾನ ಹತ್ತಿ ಪ್ರಾಗ್, ಬಾರ್ಸಿಲೋನಾ ಎಂದು ಹೊರಡುವ ಮಕ್ಕಳು ಸೋಮವಾರದ ಪರೀಕ್ಷೆಗೆ ಕಣ್ಣು ಕೆಂಪು ಮಾಡಿಕೊಂಡು ಬರುತ್ತಾರೆ. ಅಮೆರಿಕದ ಎಂ.ಡಿ. ಶಾಲೆಗಳಿಗೆ (ಇಲ್ಲಿ ಎಂ.ಡಿ. ಎಂದರೆ ವೈದ್ಯಕೀಯದ ಮೊದಲ ಪದವಿಯೇ) ವರ್ಷಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕುತ್ತಾರೆ, ಸೇರುವವರು ಸುಮಾರು 23,000. ಸೇರಿದವರ ಸರಾಸರಿ ಜಿಪಿಎ 3.7ಕ್ಕಿಂತ ಮೇಲೆ, ಎಂಕ್ಯಾಟ್ 511ರ ಆಸುಪಾಸು. ಇತಿಹಾಸದ ಪಾಠದಲ್ಲಿ ಬಂದ ಸಿ ಗ್ರೇಡನ್ನೂ ಅವರು ಓದುತ್ತಾರೆ ಎಂಬುದನ್ನು ಅವಳಿಗೆ ಒಮ್ಮೆ ಹೇಳಿ ಸುಮ್ಮನಾಗಿ, ದಿನಾ ಹೇಳಬೇಡಿ.

ಇನ್ನು ಎಂಕ್ಯಾಟ್. ವಿರಾಮಗಳೂ ಸೇರಿ ಏಳೂವರೆ ಗಂಟೆಯ ಪರೀಕ್ಷೆ ಇದು. ನಾಲ್ಕು ಭಾಗ, 230 ಪ್ರಶ್ನೆ, ಅಂಕ 472ರಿಂದ 528. ಜನವರಿಯಲ್ಲಿ ಕೆಲವು ದಿನ, ಆಮೇಲೆ ವಸಂತದಿಂದ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ. ವರ್ಷಕ್ಕೆ ಮೂರು ಸಲ, ಎರಡು ವರ್ಷಗಳಲ್ಲಿ ನಾಲ್ಕು ಸಲ, ಜೀವಮಾನದಲ್ಲಿ ಏಳು ಸಲ, ಅದಕ್ಕಿಂತ ಹೆಚ್ಚು ಕೂರುವಂತಿಲ್ಲ. ಬರೆದ ಅಂಕಗಳೆಲ್ಲ ಶಾಲೆಗಳಿಗೆ ಕಾಣುತ್ತವೆ, ಆದ್ದರಿಂದ ‘ಒಂದು ಸಲ ಬರೆದು ನೋಡೋಣ’ ಎನ್ನುವ ನಮ್ಮ ಸಿಇಟಿ ಕಾಲದ ಧೈರ್ಯ ಇಲ್ಲಿ ನಡೆಯುವುದಿಲ್ಲ. ಸಾಮಾನ್ಯ ಲೆಕ್ಕದಲ್ಲಿ ಮೂರನೇ ವರ್ಷದ ವಸಂತದಲ್ಲಿ ಎಂಕ್ಯಾಟ್ ಬರೆದು, ಜೂನ್‌ನಲ್ಲಿ ಅರ್ಜಿ ಹಾಕಿ, ನಾಲ್ಕನೇ ವರ್ಷವಿಡೀ ಸಂದರ್ಶನಗಳಿಗೆ ಹೋಗಿ, ಪದವಿ ಮುಗಿದ ಬೇಸಿಗೆಯಲ್ಲೇ ಮೆಡಿಕಲ್ ಸ್ಕೂಲ್ ಸೇರುವುದು. ನಿಮ್ಮ ಮಗಳು ಹೊರಡಬೇಕೆಂದಿರುವುದು ಸರಿಯಾಗಿ ಆ ವಸಂತದಲ್ಲೇ.

ಅಲ್ಲೇ ಕೂತು ಓದಿ, ಮೇ ತಿಂಗಳಲ್ಲಿ ವಾಪಸು ಬಂದು ಜೂನ್‌ನಲ್ಲಿ ಬರೆಯುತ್ತೇನೆ ಎನ್ನುತ್ತಾಳೆ, ನೋಡುತ್ತಿರಿ. ಎಲ್ಲರೂ ಹಾಗೇ ಹೇಳುತ್ತಾರೆ. ಎರಡು ದೋಣಿಯ ಮೇಲೆ ಕಾಲಿಟ್ಟ ಸ್ಥಿತಿ ಅದು. ಕೋಪನ್‌ಹೇಗನ್‌ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಮೈನೋ ಆಮ್ಲಗಳ ಪಟ್ಟಿ ಉರು ಹೊಡೆಯುವುದಾದರೆ ಮನೆಯಲ್ಲೇ ಹೊಡೆಯಬಹುದಿತ್ತು, ಬಿಸಿ ಊಟವೂ ಸಿಗುತ್ತಿತ್ತು. ಜನವರಿಯಲ್ಲಿ ಹೊರಡುವ ಮೊದಲೇ ಬರೆದು ಹೋಗಬಹುದು, ಆದರೆ ಅಷ್ಟರೊಳಗೆ ಭೌತಶಾಸ್ತ್ರ, ಜೀವರಸಾಯನಶಾಸ್ತ್ರ ಎರಡೂ ಮುಗಿದಿರಬೇಕು. ನೂರರಲ್ಲಿ ನಾಲ್ಕೈದು ಮಕ್ಕಳಿಗೆ ಸಾಧ್ಯವಾಗುವ ಕೆಲಸ. ಮೂರನೇ ವರ್ಷದ ಮೊದಲ ಸೆಮಿಸ್ಟರಿನಲ್ಲೇ ಹೋಗಿ ಡಿಸೆಂಬರ್‌ನಲ್ಲಿ ಮರಳುವುದೂ ಒಂದು ಉಪಾಯ. ಆರೆಂಟು ವಾರಗಳ ಬೇಸಿಗೆ ಕಾರ್ಯಕ್ರಮಕ್ಕೆ ಹೋದರೆ ಈ ತಲೆನೋವುಗಳ್ಯಾವುವೂ ಇರುವುದಿಲ್ಲ, ಆದರೆ ಆರು ವಾರದಲ್ಲಿ ಊರಿನ ಬಸ್ಸುಗಳು ಪರಿಚಯವಾಗುತ್ತವೆ, ಊರು ಆಗುವುದಿಲ್ಲ.

ನನ್ನನ್ನು ಕೇಳಿದರೆ ಅವಳು ಬಯಸಿದ ವಸಂತದಲ್ಲೇ ಹೋಗಲಿ, ವಾಪಸು ಬಂದು ನಿಧಾನವಾಗಿ ಓದಿ ನಾಲ್ಕನೇ ವರ್ಷದ ಜನವರಿಯಲ್ಲೋ ಏಪ್ರಿಲ್‌ನಲ್ಲೋ ಎಂಕ್ಯಾಟ್ ಬರೆಯಲಿ, ಪದವಿ ಮುಗಿಸಿ ಅರ್ಜಿ ಹಾಕಲಿ. ಅಂದರೆ ಪದವಿಗೂ ಮೆಡಿಕಲ್ ಸ್ಕೂಲಿಗೂ ನಡುವೆ ಒಂದು ವರ್ಷದ ಅಂತರ. ಈ ಮಾತು ಹೇಳಿದ ಕೂಡಲೇ ನಮ್ಮವರ ಮುಖ ಬಾಡುತ್ತದೆ. ‘ಒಂದು ವರ್ಷ ಮನೆಯಲ್ಲಿ ಕೂರಿಸಿಕೊಂಡರೆ ನಾಲ್ಕು ಜನ ಏನೆಂದಾರು?’ ಆ ನಾಲ್ಕು ಜನರ ಮಕ್ಕಳನ್ನೂ ವಿಚಾರಿಸಿ. ಇಂದು ಅಮೆರಿಕದ ಮೆಡಿಕಲ್ ಸ್ಕೂಲ್ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೀಗೆ ಒಂದು ವರ್ಷವೋ ಎರಡು ವರ್ಷವೋ ಬಿಟ್ಟು ಸೇರಿದವರು. ಆ ವರ್ಷ ಅವರು ಕೂತಿರುವುದಿಲ್ಲ. ತುರ್ತು ಚಿಕಿತ್ಸಾ ಕೊಠಡಿಯಲ್ಲಿ ವೈದ್ಯರ ಬೆನ್ನಿಗಿದ್ದು ಟಿಪ್ಪಣಿ ಬರೆಯುತ್ತಾರೆ, ಆಂಬ್ಯುಲೆನ್ಸ್‌ನಲ್ಲಿ ದುಡಿಯುತ್ತಾರೆ, ಪ್ರಯೋಗಾಲಯದಲ್ಲಿ ಸಂಬಳಕ್ಕೆ ಕೆಲಸ ಮಾಡುತ್ತಾರೆ. ಹಿಂದೆ ಬೀಳುತ್ತಾಳೆಯೇ ಎಂದು ಕೇಳಿದ್ದೀರಿ. ಯಾರಿಗಿಂತ ಹಿಂದೆ? ಎಂಬಿಬಿಎಸ್ ಮಾಡುತ್ತಿರುವ ಹಾಸನದ ಸೋದರ ಸಂಬಂಧಿಗೆ ಹೋಲಿಸಿದರೆ ಅವಳು ಈಗಾಗಲೇ ಹಿಂದಿದ್ದಾಳೆ, ಅದು ಈ ದೇಶದ ಪದ್ಧತಿ. ಒಂದೇ ಎಚ್ಚರ: ಎಂಕ್ಯಾಟ್ ಅಂಕವನ್ನು ಶಾಲೆಗಳು ಎರಡು ಮೂರು ವರ್ಷ ಮಾತ್ರ ಮಾನ್ಯ ಮಾಡುತ್ತವೆ, ತೀರಾ ಬೇಗ ಬರೆದಿಟ್ಟುಕೊಳ್ಳಬಾರದು.

ಶಿಫಾರಸು ಪತ್ರಗಳ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಶಾಲೆಗಳು ಸಾಮಾನ್ಯವಾಗಿ ಇಬ್ಬರು ವಿಜ್ಞಾನ ಪ್ರಾಧ್ಯಾಪಕರಿಂದ, ಒಬ್ಬರು ವಿಜ್ಞಾನೇತರ ಪ್ರಾಧ್ಯಾಪಕರಿಂದ ಪತ್ರ ಕೇಳುತ್ತವೆ. ಮುನ್ನೂರು ಜನರ ತರಗತಿಯಲ್ಲಿ ಕೂತ ಹುಡುಗಿಯನ್ನು ಪ್ರೊಫೆಸರ್ ಒಂದು ವರ್ಷ ನೆನಪಿಟ್ಟುಕೊಳ್ಳುವುದಿಲ್ಲ. ವಿಮಾನ ಹತ್ತುವ ಮೊದಲೇ ಪತ್ರ ಬರೆಸಿ ಇಡಲಿ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಸಮಿತಿಯೇ ಸಂದರ್ಶನ ಮಾಡಿ ಒಂದು ಸಮಗ್ರ ಪತ್ರ ಕೊಡುತ್ತದೆ, ಅದರ ಗಡುವುಗಳು ಹೆಚ್ಚಾಗಿ ವಸಂತದಲ್ಲೇ ಬರುತ್ತವೆ. ಒಂದು ವರ್ಷ ತಡವಾಗಿ ಅರ್ಜಿ ಹಾಕುವುದಾದರೆ ಆ ಚಿಂತೆಯೂ ತಪ್ಪುತ್ತದೆ.

ಈಗ ಸೋದರಮಾವನ ನರ್ಸಿಂಗ್ ಹೋಮ್.

ಕೆಲವು ವರ್ಷಗಳ ಹಿಂದೆ ನಮ್ಮವರೇ ಆದ ಒಬ್ಬ ಹುಡುಗಿ ಮೆಡಿಕಲ್ ಸ್ಕೂಲಿನ ಅರ್ಜಿಗೆ ಬರೆದ ತನ್ನ ಪ್ರಬಂಧದ ಕರಡನ್ನು ನನಗೆ ತೋರಿಸಲು ತಂದಿದ್ದಳು. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಬಂಧುಗಳ ಆಸ್ಪತ್ರೆ, ಅಲ್ಲಿ ಆರು ವಾರ ಇದ್ದಳು. ಮೊದಲ ಸಾಲೇ ಹೀಗಿತ್ತು: ಹೊಲದಲ್ಲಿ ಕುಡುಗೋಲು ತಾಗಿದ ರೈತನೊಬ್ಬನ ಅಂಗೈಗೆ ತಾನು ನಾಲ್ಕು ಹೊಲಿಗೆ ಹಾಕಿದ ಕ್ಷಣ ವೈದ್ಯೆಯಾಗುವುದು ತನ್ನ ಹಣೆಯಲ್ಲಿ ಬರೆದಿದೆ ಎಂದು ತಿಳಿಯಿತು. ಬರವಣಿಗೆ ಚೆನ್ನಾಗಿತ್ತು. ನಾನು ಕೇಳಿದೆ, ‘ಆ ರೈತನಿಗೆ ನೀನು ಯಾರೆಂದು ಗೊತ್ತಿತ್ತೇ?’ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಬಿಳಿ ಕೋಟು ಹಾಕಿದ್ದೆ. ಡಾಕ್ಟರಮ್ಮ ಎಂದು ಕರೆಯುತ್ತಿದ್ದರು’ ಎಂದಳು. ಆ ಪ್ರಬಂಧವನ್ನು ಹಾಗೆಯೇ ಕಳಿಸಿದ್ದರೆ ಓದಿದ ಸಮಿತಿಗೆ ಕಾಣುತ್ತಿದ್ದುದು ಒಂದೇ: ಪರವಾನಗಿ ಇಲ್ಲದ, ತರಬೇತಿ ಇಲ್ಲದ ಇಪ್ಪತ್ತರ ಹುಡುಗಿ, ಬೇಡ ಎನ್ನಲು ಬಾಯಿಲ್ಲದ ಒಬ್ಬ ಮನುಷ್ಯನ ಕೈಯ ಮೇಲೆ ಅಭ್ಯಾಸ ಮಾಡಿದಳು. ಇಂಥ ಸಂಗತಿ ಸಂದರ್ಶನದಲ್ಲಿ ಬಾಯಿ ತಪ್ಪಿ ಬಂದು ಅಲ್ಲಿಗೇ ಬಾಗಿಲು ಮುಚ್ಚಿದ್ದನ್ನೂ ನಾನು ಕಂಡಿದ್ದೇನೆ.

ಇದು ನನ್ನೊಬ್ಬನ ಮಡಿವಂತಿಕೆಯಲ್ಲ. ಅಮೆರಿಕದ ಮೆಡಿಕಲ್ ಕಾಲೇಜುಗಳ ಒಕ್ಕೂಟ ಹೊರದೇಶದಲ್ಲಿ ರೋಗಿಗಳ ಬಳಿ ಇರುವ ವಿದ್ಯಾರ್ಥಿಗಳಿಗೆಂದು 2011ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅದರ ತಿರುಳನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ನಿನ್ನ ಊರಿನ ಆಸ್ಪತ್ರೆಯಲ್ಲಿ ನಿನಗೆ ಬಿಡದ ಕೆಲಸವನ್ನು ಬೇರೆ ದೇಶದಲ್ಲಿ ಮಾಡಬೇಡ. ಚುಚ್ಚುಮದ್ದು, ಹೊಲಿಗೆ, ಹೆರಿಗೆ ಯಾವುದೂ ಇಲ್ಲ. ಭಾರತದ ಕಾನೂನಿನ ದೃಷ್ಟಿಯಿಂದ ನೋಡಿದರೂ ಅಷ್ಟೇ; 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದೆ ವೈದ್ಯಕೀಯ ಮಾಡಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಿಮ್ಮ ಅಣ್ಣ ತಂಗಿಯ ಮಗಳೆಂಬ ಅಕ್ಕರೆಯಿಂದ ‘ಬಾ, ಇದೊಂದು ಹಾಕಿ ನೋಡು’ ಎಂದಾರು. ಅವರಿಗೂ ಒಂದು ಮಾತು ಹೇಳಿಡಿ.

‘ಎರಡು ವಾರದ ವೈದ್ಯಕೀಯ ಸೇವಾ ಪ್ರವಾಸ’ ಎಂದು ಸಾವಿರಾರು ಡಾಲರ್ ಕೀಳುವ ಕಂಪನಿಗಳೂ ಇದೇ ಜಾತಿಯವು. ಜಾಹೀರಾತಿನಲ್ಲಿ ಹುಡುಗಿಯೊಬ್ಬಳು ಕಪ್ಪು ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟ ಚಿತ್ರವಿದ್ದರೆ ಆ ಪುಟ ಮುಚ್ಚಿಬಿಡಿ.

ಹಾಗೆಂದು ಹಾಸನಕ್ಕೆ ಹೋಗಲೇಬಾರದೆಂದು ನಾನು ಹೇಳುತ್ತಿಲ್ಲ. ಹೋಗಲಿ, ಕೋಟು ಹಾಕದೆ ಹೋಗಲಿ. ನೋಂದಣಿ ಕಿಟಕಿಯ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ನಾಲ್ಕು ದಿನ ಕೂತರೆ ಯಾವ ಪುಸ್ತಕದಲ್ಲೂ ಇಲ್ಲದ್ದು ಕಾಣುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಹಿಡಿದು ಬಂದ ಮುದುಕಿಗೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ತರಬೇಕೆಂದು ಹೇಳುವುದು, ಆಕೆ ಬಸ್ ಚಾರ್ಜ್ ಲೆಕ್ಕ ಹಾಕುವುದು, ಮಗನಿಗೆ ಫೋನ್ ಮಾಡಲು ಪಕ್ಕದವರ ಮೊಬೈಲ್ ಕೇಳುವುದು. ವೈದ್ಯರ ಕೊಠಡಿಯ ಮೂಲೆಯಲ್ಲಿ ರೋಗಿಯ ಒಪ್ಪಿಗೆ ಪಡೆದು ಸುಮ್ಮನೆ ನಿಂತರೆ ಇನ್ನೊಂದು ಪಾಠ, ನಮ್ಮ ಭಾಷೆಯದ್ದು. ಇಲ್ಲಿ ಬೆಳೆದ ಮಕ್ಕಳ ಕನ್ನಡ ಅಡುಗೆಮನೆಯ ಕನ್ನಡ. ಹೊಟ್ಟೆನೋವು, ತಲೆನೋವು, ಜ್ವರ ಅಷ್ಟೇ ಬರುತ್ತದೆ. ರೋಗಿ ‘ಸಂಕಟ’ ಎಂದರೆ ಅದು ಹೊಟ್ಟೆಯದೋ ಎದೆಯದೋ ಮನಸ್ಸಿನದೋ? ‘ಉಷ್ಣ ಆಗಿದೆ’ ಎಂದರೆ ಜ್ವರವಲ್ಲ ಎಂದು ಅವಳಿಗೆ ಯಾರು ಹೇಳಬೇಕು? ‘ಗ್ಯಾಸ್ಟ್ರಿಕ್’ ಎಂಬ ಒಂದು ಪದವನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಎದೆ ಉರಿಗೂ ಅದೇ, ಹೊಟ್ಟೆ ಉಬ್ಬರಕ್ಕೂ ಅದೇ, ಎದೆ ಹಿಡಿದುಕೊಂಡ ಹಾಗಾದರೂ ಅದೇ. ಗ್ಯಾಸ್ಟ್ರಿಕ್ ಎಂದು ಒಂದು ಮಾತ್ರೆ ನುಂಗಿ ಮಲಗಿದವರಿಗೆ ಅದು ಹೃದಯಾಘಾತವಾಗಿದ್ದ ಉದಾಹರಣೆ ಪ್ರತಿ ಊರಿನಲ್ಲೂ ಸಿಗುತ್ತದೆ. ಆ ಪದ ಕೇಳಿದಾಗ ಅನುಭವಿ ವೈದ್ಯರು ಮುಂದೇನು ಕೇಳುತ್ತಾರೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋಗಲಿ. ನಾಲ್ಕು ಹೊಲಿಗೆಗಿಂತ ಆ ನೋಟ್‌ಬುಕ್ ಸಂದರ್ಶನದಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ನನಗೆ ಹೊಲಿಗೆ ಪ್ರಬಂಧ ತೋರಿಸಿದ ಹುಡುಗಿ ಕೊನೆಗೆ ಬರೆದದ್ದೂ ‘ಡಾಕ್ಟರಮ್ಮ’ ಎನ್ನಿಸಿಕೊಂಡಾಗ ತಾನು ಅಲ್ಲಗಳೆಯದೆ ಇದ್ದುದರ ಬಗ್ಗೆ. ಈಗ ರೆಸಿಡೆನ್ಸಿಯಲ್ಲಿ, ಅಂದರೆ ಮೆಡಿಕಲ್ ಸ್ಕೂಲ್ ಮುಗಿದ ಮೇಲಿನ ಆಸ್ಪತ್ರೆ ತರಬೇತಿಯಲ್ಲಿದ್ದಾಳೆ.

ಒಂದು ನಿಜ ಹೇಳಬೇಕು. ಡೆನ್ಮಾರ್ಕ್ ಆಗಲಿ ಹಾಸನವಾಗಲಿ ಅರ್ಜಿಗೆ ತಾನಾಗಿಯೇ ತೂಕ ತರುವುದಿಲ್ಲ. ಆಮ್‌ಕಾಸ್ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಹದಿನೈದು ಖಾನೆಗಳಿವೆ, ಒಂದೊಂದಕ್ಕೆ 700 ಅಕ್ಷರ ಜಾಗ, ಅವುಗಳಲ್ಲಿ ಮೂರನ್ನು ಮಾತ್ರ ಅತಿ ಮುಖ್ಯವೆಂದು ಗುರುತಿಸಬಹುದು. ಮುಖ್ಯ ಪ್ರಬಂಧಕ್ಕೆ 5,300 ಅಕ್ಷರ. ಇದರಲ್ಲಿ ಪ್ರವಾಸ ಕಥನ ಬರೆದು ಜಾಗ ಹಾಳು ಮಾಡುವವರೇ ಹೆಚ್ಚು. ಇಲ್ಲಿನ ಆಸ್ಪತ್ರೆಯಲ್ಲಿ, ಕ್ಲಿನಿಕ್ಕಿನಲ್ಲಿ ವಾರಕ್ಕೆ ಮೂರು ಗಂಟೆಯಂತೆ ಎರಡು ವರ್ಷ ನಡೆದುಕೊಂಡವರಿಗೆ ಸಿಗುವ ಮನ್ನಣೆ ಎರಡು ತಿಂಗಳ ವಿದೇಶಕ್ಕೆ ಸಿಗುವುದಿಲ್ಲ. ನಿಮ್ಮ ಮಗಳು ಅದನ್ನು ಶುರು ಮಾಡಿಲ್ಲವಾದರೆ ಕೋಪನ್‌ಹೇಗನ್‌ಗಿಂತ ಮೊದಲು ಆ ಮಾತಾಡಿ.

ಹಾಗಾದರೆ ಡೆನ್ಮಾರ್ಕ್ ಯಾಕೆ? ಅಲ್ಲಿ ಪ್ರತಿಯೊಬ್ಬರಿಗೂ ಒಂದು ಹಳದಿ ಬಣ್ಣದ ಆರೋಗ್ಯ ಕಾರ್ಡ್, ಅದರ ಮೇಲೆ ಅವರ ಕುಟುಂಬ ವೈದ್ಯರ ಹೆಸರು. ಖರ್ಚು ತೆರಿಗೆಯಿಂದ. ತಜ್ಞರ ಬಳಿಗೆ ಹೋಗಬೇಕಾದರೆ ಸಾಮಾನ್ಯವಾಗಿ ಆ ವೈದ್ಯರ ಮೂಲಕವೇ ಹೋಗಬೇಕು. ಹಲ್ಲಿನ ಡಾಕ್ಟರಿಗೆ ಮಾತ್ರ ದೊಡ್ಡವರು ಬಹುಪಾಲು ಕೈಯಿಂದ ಕೊಡಬೇಕು, ಅದು ಯಾಕೆ ಹಾಗೆ ಎಂದು ಅಲ್ಲಿನವರೇ ಜಗಳವಾಡುತ್ತಾರೆ. ಸಹಜ ಹೆರಿಗೆಗಳನ್ನು ನೋಡಿಕೊಳ್ಳುವವರು ಸೂಲಗಿತ್ತಿಯರ ವೃತ್ತಿಯಲ್ಲಿ ಪದವಿ ಪಡೆದವರು. ‘ನಿಮ್ಮ ವಿಮೆ ಯಾವುದು?’ ಎಂಬ ಪ್ರಶ್ನೆಯಿಂದಲೇ ಚಿಕಿತ್ಸೆ ಆರಂಭವಾಗುವ ದೇಶದಲ್ಲಿ ಬೆಳೆದವಳಿಗೆ, ಆ ಪ್ರಶ್ನೆಯೇ ಇಲ್ಲದ ಆಸ್ಪತ್ರೆ ಹೇಗಿರುತ್ತದೆ, ಅಲ್ಲಿ ಜನ ಯಾವುದಕ್ಕೆ ಗೊಣಗುತ್ತಾರೆ ಎಂದು ನಾಲ್ಕು ತಿಂಗಳು ನೋಡುವುದು ಸಣ್ಣ ವಿಷಯವಲ್ಲ.

ಇನ್ನೊಂದು ಕಾರಣವಿದೆ, ಅದನ್ನು ಯಾವ ಕಾರ್ಯಕ್ರಮದ ಕೈಪಿಡಿಯಲ್ಲೂ ಅಚ್ಚು ಹಾಕಿರುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಕೋಪನ್‌ಹೇಗನ್‌ನಲ್ಲಿ ಒಂದು ಶನಿವಾರ ರಾತ್ರಿ ಪಕ್ಕೆಯಲ್ಲಿ ನೋವು ಬಂತು. ಆ ಪ್ರದೇಶದಲ್ಲಿ ತುರ್ತು ಚಿಕಿತ್ಸೆಗೆ ನೇರವಾಗಿ ನುಗ್ಗುವಂತಿಲ್ಲ, ಪ್ರಾಣಾಪಾಯವಲ್ಲದಿದ್ದರೆ ಮೊದಲು 1813 ಎಂಬ ಸಂಖ್ಯೆಗೆ ಫೋನ್ ಮಾಡಬೇಕು. ಡೇನಿಷ್ ಭಾಷೆಯ ಧ್ವನಿಮುದ್ರಣ ಕೇಳುತ್ತಾ ಕಾದಳು. ಕೊನೆಗೆ ಸಿಕ್ಕ ನರ್ಸ್ ಒಳ್ಳೆಯ ಇಂಗ್ಲಿಷ್ ಆಡುವವರೇ, ಆದರೂ ನೋವು ಎಂಥದ್ದು ಎಂದು ಕೇಳಿದರೆ ಇವಳಿಗೆ ಮಾತು ಹೊರಡಲಿಲ್ಲ. ಮರುದಿನ ಔಷಧಿ ಅಂಗಡಿಯಲ್ಲಿ ಕೊಟ್ಟ ಡಬ್ಬಿಯ ಮೇಲಿನ ಬರಹ ಓದಲು ಬಾರದೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಬೀದಿಯಲ್ಲಿ ನಿಂತಳಂತೆ. ಅವಳು ಇಲ್ಲಿ ಸ್ವಯಂಸೇವೆ ಮಾಡುತ್ತಿದ್ದ ಕ್ಲಿನಿಕ್ಕಿಗೆ ಬರುವವರು ಬಹುಪಾಲು ಸೋಮಾಲಿ ಕುಟುಂಬಗಳು. ವಾಪಸು ಬಂದ ಮೇಲೆ, ಔಷಧಿ ಕೊಡುವಾಗ ದುಭಾಷಿಯ ಮೂಲಕ ‘ಇದನ್ನು ಯಾವಾಗ ತೆಗೆದುಕೊಳ್ಳುತ್ತೀರಿ, ನೀವೇ ಹೇಳಿ’ ಎಂದು ಕೇಳಲು ಶುರು ಮಾಡಿದಳು. ಸಂದರ್ಶನದಲ್ಲಿ ಡೆನ್ಮಾರ್ಕ್ ಬಗ್ಗೆ ಕೇಳಿದಾಗ ಈ ಎರಡು ಸಂಗತಿಗಳನ್ನು ಹೇಳಿದ್ದಳು, ಅರಮನೆ ಮ್ಯೂಸಿಯಂಗಳ ಸುದ್ದಿ ಎತ್ತಲಿಲ್ಲ.

ನಿಮ್ಮ ಮಗಳದು ಅಮೆರಿಕದ ಪಾಸ್‌ಪೋರ್ಟ್ ಆದ್ದರಿಂದ ಮೂರು ತಿಂಗಳವರೆಗೆ ವೀಸಾ ಬೇಡ, ಆದರೆ ಸೆಮಿಸ್ಟರ್ ಅದಕ್ಕಿಂತ ಉದ್ದವಿರುವುದರಿಂದ ವಾಸದ ಪರವಾನಗಿ ಬೇಕೇ ಬೇಕು. ಆ ಕಾಗದಪತ್ರಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಇದನ್ನು ಓದುವ ಬೇರೆಯವರ ಮಕ್ಕಳು ಎಚ್-4 ವೀಸಾದಲ್ಲಿದ್ದರೆ (ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಸಿಗುವುದು) ಹೆಚ್ಚು ಎಚ್ಚರ ಬೇಕು. ಇಪ್ಪತ್ತೊಂದು ತುಂಬುವಾಗ ಎಚ್-4 ಮುಗಿಯುತ್ತದೆ, ವಿದ್ಯಾರ್ಥಿ ವೀಸಾವಾದ ಎಫ್-1ಗೆ ಬದಲಾಯಿಸಲು ಇಲ್ಲೇ ಕೊಟ್ಟ ಅರ್ಜಿ ಇತ್ಯರ್ಥವಾಗುವ ಮೊದಲು ದೇಶ ಬಿಟ್ಟರೆ ಆ ಅರ್ಜಿಯನ್ನು ಕೈಬಿಟ್ಟಂತೆ ಎಣಿಸುತ್ತಾರೆ. ಸರಿಯಾಗಿ ಮೂರನೇ ವರ್ಷದಲ್ಲೇ ಈ ವಯಸ್ಸು ಬರುತ್ತದೆ. ವಲಸೆ ವಕೀಲರನ್ನು ಕೇಳದೆ ಟಿಕೆಟ್ ಕೊಳ್ಳಬೇಡಿ. ಎಫ್-1 ಮಕ್ಕಳನ್ನು ಸೇರಿಸಿಕೊಳ್ಳುವ ಮೆಡಿಕಲ್ ಸ್ಕೂಲುಗಳೇ ಕಡಿಮೆ, ಅದು ಬೇರೆಯೇ ದೊಡ್ಡ ಕಥೆ.

ಹಣದ ವಿಚಾರದಲ್ಲಿ ಒಂದೇ ಮಾತು: ವಿಶ್ವವಿದ್ಯಾಲಯ ಒಪ್ಪಿದ ಕಾರ್ಯಕ್ರಮವಾದರೆ ಸರ್ಕಾರದ ವಿದ್ಯಾರ್ಥಿ ನೆರವನ್ನು ಅಲ್ಲಿಗೂ ಬಳಸಬಹುದು, ಕಡಿಮೆ ಆದಾಯದ ಕುಟುಂಬಗಳ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಪೆಲ್ ಅನುದಾನ ಪಡೆಯುವ ಅಮೆರಿಕನ್ ಪ್ರಜೆಗಳಿಗೆ 5,000 ಡಾಲರ್‌ವರೆಗಿನ ಗಿಲ್ಮನ್ ವಿದ್ಯಾರ್ಥಿವೇತನವಿದೆ. ನಿಮ್ಮ ಆರೋಗ್ಯ ವಿಮೆ ಅಲ್ಲಿ ನಡೆಯುವುದು ಅನುಮಾನ, ಪ್ರತ್ಯೇಕ ವಿಮೆ ಮಾಡಿಸಿ.

ಕೊನೆಗೆ ಊಟ. ಕೋಪನ್‌ಹೇಗನ್‌ನಲ್ಲಿ ಹೊರಗೆ ತಿನ್ನುವುದು ದುಬಾರಿ, ಹಾಗಾಗಿ ಮಕ್ಕಳು ಕೋಣೆಯಲ್ಲೇ ಬೇಯಿಸಿಕೊಳ್ಳುತ್ತಾರೆ; ಅಕ್ಕಿ, ಬೇಳೆ, ತರಕಾರಿ, ಮೊಸರು ಎಲ್ಲ ಸಿಗುತ್ತವೆ. ರೈ ಎಂಬ ಧಾನ್ಯದ ಕಪ್ಪು ಬ್ರೆಡ್ಡಿಗೆ ನಾಲಿಗೆ ಒಗ್ಗಲು ಒಂದು ವಾರ ಬೇಕು. ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿನಕಾಯಿ ಕಳಿಸಿ, ಅಡ್ಡಿಯಿಲ್ಲ. ತುಪ್ಪ ಮಾತ್ರ ಪೆಟ್ಟಿಗೆಯಲ್ಲಿ ಇಡಬೇಡಿ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ, ಸಿಕ್ಕಿಬಿದ್ದರೆ ವಿಮಾನ ನಿಲ್ದಾಣದಲ್ಲೇ ಎಸೆಯಬೇಕಾಗುತ್ತದೆ. ಅಲ್ಲಿನ ಬೆಣ್ಣೆ ಬಹಳ ಚೆನ್ನಾಗಿದೆ, ಕಾಯಿಸುವುದನ್ನು ಈಗಲೇ ಕಲಿಸಿಕೊಡಿ.